ಟ್ರಾಕ್ಟರಿನಲ್ಲಿ ವಿದ್ಯುಚ್ಛಕ್ತಿಯ ಹಂಚಿಕೆ: ಕೊನೆಯ ದೀಪದವರೆಗೆ ತಲುಪಿಸುವ ಕ್ರಮ

ಉಳುಮೆ, ಬಿತ್ತನೆ, ಒಕ್ಕಣೆ, ಸಾಗಾಣಿಕೆ ಮೊದಲಾದ ಕೆಲಸಗಳಿಗೆ ಟ್ರಾಕ್ಟರನ್ನು ಬಳಸುವುದು ನಮ್ಮ ರೈತರಲ್ಲಿ ಈಗ ಸರ್ವಸಾಮಾನ್ಯವಾಗಿರುತ್ತದೆ. ಎಂಜಿನ್ನಿನ ಆಯಿಲು, ಚಕ್ರದ ಗಾಳಿ, ರೇಡಿಯೇಟರಿನ ನೀರು ಇವುಗಳನ್ನು ಕಾಲಕಾಲಕ್ಕೆ ನೋಡಿಕೊಳ್ಳುವ ಜಾಗರೂಕರಾದ ರೈತರು ಹಲವರುಂಟು. ಆದರೆ ಅದೇ ಯಂತ್ರದ ಮೈಯಲ್ಲೆಲ್ಲಾ ನರಗಳಂತೆ ಹಬ್ಬಿರುವ ವಿದ್ಯುತ್ ತಂತಿಗಳ ವಿಷಯದಲ್ಲಿ ಇಷ್ಟು ಗಮನವಿರುವುದು ಅಪರೂಪ. ಸೆಲ್ಫ್ ತಿರುಗದಿದ್ದರೆ ಬ್ಯಾಟರಿ ಕೆಟ್ಟಿತೆಂದು ಹೊಸದನ್ನು ಕೊಳ್ಳುವುದೂ, ದೀಪ ಮಂಕಾದರೆ ಬಲ್ಬನ್ನು ಬದಲಾಯಿಸುವುದೂ, ಫ್ಯೂಸ್ ಹೋದರೆ ಅದರ ಜಾಗದಲ್ಲಿ ತಂತಿಯ ತುಂಡನ್ನು ಸಿಕ್ಕಿಸುವುದೂ ವಾಡಿಕೆಯಾಗಿ ಹೋಗಿದೆ.

ಇದರಿಂದ ಒದಗತಕ್ಕ ಹಾನಿಯು ಮೂರು ವಿಧವಾದುದು. ಮೊದಲನೆಯದು ಹಣದ ನಷ್ಟ ಮತ್ತು ಹದ ತಪ್ಪುವಿಕೆ. ಎರಡನೆಯದು ಬೆಂಕಿಯ ಭಯ. ಮೂರನೆಯದು ಎಲ್ಲಕ್ಕಿಂತಲೂ ಘೋರವಾದುದು. ರಾತ್ರಿಯ ಹೊತ್ತು ಕಬ್ಬು ತುಂಬಿ ರಸ್ತೆಯಲ್ಲಿ ಮೆಲ್ಲನೆ ಸಾಗುವ ಟ್ರೈಲರಿನ ಹಿಂದೀಪವು ಉರಿಯದಿದ್ದರೆ, ಹಿಂದಿನಿಂದ ವೇಗವಾಗಿ ಬರುವ ವಾಹನದವನಿಗೆ ಅದು ಕಣ್ಣಿಗೆ ಬೀಳುವುದು ತೀರ ಸಮೀಪಕ್ಕೆ ಬಂದ ಮೇಲೆಯೇ. ಆದಕಾರಣ ಬ್ಯಾಟರಿಯಲ್ಲಿರುವ ಶಕ್ತಿಯು ಕೊನೆಯ ದೀಪದವರೆಗೆ ಹೇಗೆ ಹೋಗುತ್ತದೆ, ದಾರಿಯಲ್ಲಿ ಎಲ್ಲಿ ಸೋರುತ್ತದೆ, ಆ ಸೋರಿಕೆಯನ್ನು ತಡೆಯುವ ಬಗೆ ಯಾವುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

೧. ಕೆರೆ, ಕಾಲುವೆ ಮತ್ತು ಕೊನೆಯ ಗದ್ದೆ

ವಿದ್ಯುಚ್ಛಕ್ತಿಯ ಹಂಚಿಕೆಯನ್ನು ತಿಳಿಯಲು ನಮ್ಮ ರೈತರಿಗೆ ಕೆರೆಯ ಅಚ್ಚುಕಟ್ಟಿಗಿಂತ ಸುಲಭವಾದ ಹೋಲಿಕೆಯು ಬೇಕಾಗಿಲ್ಲ. ಬ್ಯಾಟರಿಯು ಕೆರೆ, ಎಂಜಿನ್ನಿನಿಂದ ತಿರುಗುವ ಆಲ್ಟರ್ನೇಟರ್ ಆ ಕೆರೆಗೆ ನೀರು ತುಂಬುವ ಹಳ್ಳ, ತಂತಿಗಳು ಕಾಲುವೆಗಳು, ಸ್ವಿಚ್ಚು ಮತ್ತು ರಿಲೇಗಳು ತೂಬುಗಳು, ದೀಪ, ಸೆಲ್ಫ್, ಹಾರನ್ ಇವು ಗದ್ದೆಗಳು. ನೀರಿನ ಮಟ್ಟದ ಎತ್ತರಕ್ಕೆ ವೋಲ್ಟ್ ಸಮಾನ. ಹರಿಯುವ ನೀರಿನ ಪರಿಮಾಣಕ್ಕೆ ಆಂಪಿಯರ್ ಸಮಾನ. ಕಾಲುವೆಯ ಇಕ್ಕಟ್ಟಿಗೆ ತಡೆ, ಅಂದರೆ ಓಮ್ ಸಮಾನ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ದೊರೆಯುವ ಶಕ್ತಿಯು ವಾಟ್. ಆಂಪಿಯರನ್ನು ತಡೆಯಿಂದ ಗುಣಿಸಿದರೆ ದಾರಿಯಲ್ಲಿ ನಷ್ಟವಾಗುವ ವೋಲ್ಟು ತಿಳಿದುಬರುತ್ತದೆ. ಇಷ್ಟು ಲೆಕ್ಕವು ಈ ಲೇಖನಕ್ಕೆ ಸಾಕು.

ಒಂದು ವ್ಯತ್ಯಾಸವನ್ನು ಮಾತ್ರ ಮನಸ್ಸಿನಲ್ಲಿಡಬೇಕು. ಗದ್ದೆಗೆ ಹೋದ ನೀರು ಕೆರೆಗೆ ಹಿಂದಿರುಗಬೇಕಾಗಿಲ್ಲ. ವಿದ್ಯುತ್ತಾದರೋ ಹೋದಷ್ಟೂ ಬ್ಯಾಟರಿಗೆ ಹಿಂದಿರುಗಲೇಬೇಕು. ಟ್ರಾಕ್ಟರಿನಲ್ಲಿ ಹೋಗುವ ದಾರಿಯು ತಂತಿ. ಬರುವ ದಾರಿಯು ಬಹುಮಟ್ಟಿಗೆ ಯಂತ್ರದ ಕಬ್ಬಿಣದ ಮೈ. ಇದಕ್ಕೆ ಅರ್ಥ್ ಎಂದು ಹೆಸರು. ಹೋಗುವ ದಾರಿಯು ಎಷ್ಟೇ ಚೆನ್ನಾಗಿದ್ದರೂ ಬರುವ ದಾರಿಯಲ್ಲಿ ತುಕ್ಕು, ಬಣ್ಣ ಅಥವಾ ಸಡಿಲವಾದ ಬೋಲ್ಟು ಇದ್ದರೆ ದೀಪವು ಮಂಕಾಗಿಯೇ ಉರಿಯುವುದು. ಬಹಳ ಜನರು ಹೋಗುವ ದಾರಿಯನ್ನು ಹುಡುಕುತ್ತಾರೆಯೇ ಹೊರತು ಬರುವ ದಾರಿಯನ್ನು ನೋಡುವುದೇ ಇಲ್ಲ.

೨. ಉತ್ಪತ್ತಿಯ ಜಮಾಖರ್ಚು

ಟ್ರಾಕ್ಟರಿನ ಬ್ಯಾಟರಿಯಲ್ಲಿ ಒಂದರ ಹಿಂದೊಂದು ಜೋಡಿಸಿದ ೬ ಸೆಲ್ಲುಗಳಿರುತ್ತವೆ. ಪ್ರತಿಯೊಂದರಲ್ಲಿಯೂ ಸುಮಾರು ೨.೧ ವೋಲ್ಟ್ ಇರುವುದರಿಂದ, ಪೂರ್ಣವಾಗಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯು ಸುಮಾರು ೧೨.೬ ವೋಲ್ಟನ್ನು ತೋರಿಸುತ್ತದೆ. ಎಂಜಿನ್ ಸಾಕಷ್ಟು ವೇಗದಲ್ಲಿ ಓಡುವಾಗ ಆಲ್ಟರ್ನೇಟರ್ ಇದಕ್ಕಿಂತ ಮೇಲಿನ ಮಟ್ಟದಲ್ಲಿ, ಅಂದರೆ ಸುಮಾರು ೧೪ ವೋಲ್ಟಿನಲ್ಲಿ ಶಕ್ತಿಯನ್ನು ಕೊಡುವುದು. ಹೀಗಿದ್ದರೆ ಮಾತ್ರ ಬ್ಯಾಟರಿ ತುಂಬುತ್ತದೆ. ಹಳ್ಳವು ಕೆರೆಗಿಂತ ಎತ್ತರದಲ್ಲಿರಬೇಕಷ್ಟೆ.

ಆಲ್ಟರ್ನೇಟರ್ ೩೬ ಆಂಪಿಯರಿನದೆಂದು ಇಟ್ಟುಕೊಳ್ಳೋಣ. ೧೪ ವೋಲ್ಟಿನಲ್ಲಿ ಅದರ ಪೂರ್ಣ ಉತ್ಪತ್ತಿಯು ಸುಮಾರು ೫೦೦ ವಾಟ್. ಇನ್ನು ಖರ್ಚನ್ನು ನೋಡೋಣ. ೫೫ ವಾಟಿನ ಎರಡು ಮುಂದೀಪಗಳಿಗೆ ೧೧೦ ವಾಟ್. ರಾತ್ರಿ ಉಳುಮೆಗೆಂದು ಹಾಕಿಸಿದ ಅದೇ ಶಕ್ತಿಯ ನಾಲ್ಕು ದೀಪಗಳಿಗೆ ೨೨೦ ವಾಟ್. ಹಾಡಿನ ಪೆಟ್ಟಿಗೆಗೆ ೧೦೦ ವಾಟ್. ಟ್ರೈಲರಿನ ದೀಪಗಳಿಗೆ ೭೦ ವಾಟ್. ಒಟ್ಟು ೫೦೦ ವಾಟ್. ಬ್ಯಾಟರಿಗೆ ತುಂಬಲು ಏನೂ ಉಳಿಯಲಿಲ್ಲ. ಅಲ್ಲದೆ ಎಂಜಿನ್ ನಿಧಾನವಾಗಿ ಓಡುವಾಗ ಉತ್ಪತ್ತಿಯು ಇನ್ನೂ ಕಡಿಮೆಯಾಗುವುದರಿಂದ ಖರ್ಚಿನ ಹೊರೆಯು ಬ್ಯಾಟರಿಯ ಮೇಲೆ ಬಿದ್ದು, ಬೆಳಗ್ಗೆ ಸೆಲ್ಫ್ ತಿರುಗುವುದಿಲ್ಲ. ಹೊಸ ದೀಪವನ್ನಾಗಲಿ ಸಲಕರಣೆಯನ್ನಾಗಲಿ ಹಾಕಿಸುವ ಮೊದಲು ಈ ಜಮಾಖರ್ಚನ್ನು ಬರೆದು ನೋಡುವುದು ಅವಶ್ಯಕ. ೫೫ ವಾಟಿನ ದೀಪಗಳ ಜಾಗದಲ್ಲಿ ಒಳ್ಳೆಯ ಎಲ್‌ಇಡಿ ದೀಪಗಳನ್ನು ಹಾಕಿಸಿದರೆ ಅಷ್ಟೇ ಬೆಳಕಿಗೆ ಅರ್ಧಕ್ಕಿಂತಲೂ ಕಡಿಮೆ ಶಕ್ತಿ ಸಾಕಾಗುವುದು.

೩. ತಂತಿಯ ದಪ್ಪ

ಒಂದು ಚದರ ಮಿಲಿಮೀಟರ್ ದಪ್ಪವಿರುವ ಒಂದು ಮೀಟರ್ ತಾಮ್ರದ ತಂತಿಯ ತಡೆಯು ಸುಮಾರು ೦.೦೧೭೫ ಓಮ್. ಇದು ಅಲ್ಪವೆಂದು ತೋರಬಹುದು. ಆದರೆ ೧೨ ವೋಲ್ಟಿನ ಏರ್ಪಾಡಿನಲ್ಲಿ ಅಲ್ಪವೇ ಅನಲ್ಪವಾಗುತ್ತದೆ. ೫೫ ವಾಟಿನ ಎರಡು ದೀಪಗಳು ಸುಮಾರು ೯ ಆಂಪಿಯರನ್ನು ಎಳೆಯುತ್ತವೆ. ದೀಪವು ಬ್ಯಾಟರಿಯಿಂದ ೫ ಮೀಟರ್ ದೂರದಲ್ಲಿದ್ದು, ಹೋಗಲು ಬರಲು ಎರಡಕ್ಕೂ ತಂತಿಯನ್ನೇ ಹಾಕಿದ್ದರೆ ತಂತಿಯ ಒಟ್ಟು ಉದ್ದವು ೧೦ ಮೀಟರ್. ಆಗ ದಾರಿಯಲ್ಲಿ ಕಳೆದುಹೋಗುವ ವೋಲ್ಟಿನ ಲೆಕ್ಕವು ಹೀಗಿರುತ್ತದೆ:

೧ ಚದರ ಮಿಲಿಮೀಟರ್ ತಂತಿಯಲ್ಲಿ: ಸುಮಾರು ೧.೬ ವೋಲ್ಟ್
೨.೫ ಚದರ ಮಿಲಿಮೀಟರ್ ತಂತಿಯಲ್ಲಿ: ಸುಮಾರು ೦.೬ ವೋಲ್ಟ್
೪ ಚದರ ಮಿಲಿಮೀಟರ್ ತಂತಿಯಲ್ಲಿ: ಸುಮಾರು ೦.೪ ವೋಲ್ಟ್

ವೋಲ್ಟು ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ಬೆಳಕೂ ಹತ್ತರಷ್ಟೇ ಕಡಿಮೆಯಾಗುವುದೆಂದು ತಿಳಿಯಬಾರದು. ಎಳೆಯು ಕಾದು ಬೆಳಗುವ ಬಲ್ಬುಗಳಲ್ಲಿ ಅಷ್ಟು ಕೊರತೆಗೆ ಬೆಳಕು ಸುಮಾರು ನೂರಕ್ಕೆ ಮೂವತ್ತರಷ್ಟು ಕುಗ್ಗುತ್ತದೆ. ಆದುದರಿಂದ ಮೇಲಿನ ತೆಳುವಾದ ತಂತಿಯಲ್ಲಿ ಮೂರನೆಯ ಒಂದು ಪಾಲು ಬೆಳಕು ದಾರಿಯಲ್ಲಿಯೇ ಹೋಗುತ್ತದೆ. ಹೀಗೆ ಕಳೆದ ಶಕ್ತಿಯು ಮಾಯವಾಗುವುದಿಲ್ಲ, ತಂತಿಯನ್ನು ಕಾಯಿಸುತ್ತದೆ. ಬೆಲೆ ಕಡಿಮೆಯೆಂದು ತೆಳುವಾದ ತಂತಿಯನ್ನು ಕೊಳ್ಳುವವನು ಡೀಸೆಲನ್ನು ಸುಟ್ಟು ತಂತಿಯನ್ನು ಬಿಸಿಮಾಡಿಕೊಂಡಂತಾಯಿತು.

೪. ಸೆಲ್ಫಿನ ದಾರಿ

ಯಂತ್ರದಲ್ಲಿ ಅತ್ಯಂತ ಹೆಚ್ಚು ವಿದ್ಯುತ್ತನ್ನು ಬೇಡುವುದು ಸೆಲ್ಫ್. ತಿರುಗುವ ಕೆಲವೇ ಸೆಕೆಂಡುಗಳಲ್ಲಿ ಅದು ೨೦೦ ಆಂಪಿಯರ್ ಅಥವಾ ಇನ್ನೂ ಹೆಚ್ಚಾಗಿ ಎಳೆಯಬಹುದು. ಇಷ್ಟು ಪ್ರವಾಹಕ್ಕೆ ಒಂದು ಓಮಿನ ನೂರರಲ್ಲೊಂದು ಪಾಲು ತಡೆಯಿದ್ದರೂ ೨ ವೋಲ್ಟ್ ನಷ್ಟವಾಗಿ, ಆ ಸ್ಥಳದಲ್ಲಿ ೪೦೦ ವಾಟಿನ ಶಾಖ ಹುಟ್ಟುತ್ತದೆ. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಕಟ್ಟುವ ಬಿಳಿ ಅಥವಾ ಹಸಿರು ಪುಡಿಯು ಇಷ್ಟು ತಡೆಯನ್ನು ಸುಲಭವಾಗಿ ಉಂಟುಮಾಡಬಲ್ಲದು.

ಈ ಲೇಖಕನು ಮುಂಗಾರಿನ ಹದದಲ್ಲಿ ನೋಡಿದ ಒಂದು ಟ್ರಾಕ್ಟರಿನ ಸಂಗತಿಯು ಇಲ್ಲಿ ಉಪಯುಕ್ತವಾದೀತು. ಅದರ ಮಾಲೀಕರು ಒಂದೇ ವರ್ಷದಲ್ಲಿ ಎರಡನೆಯ ಬ್ಯಾಟರಿಯನ್ನು ಕೊಂಡಿದ್ದರು. ಆದರೂ ಎಂಜಿನ್ನನ್ನು ನಾಲ್ಕು ಜನರು ತಳ್ಳಿಯೇ ಚಾಲೂ ಮಾಡಬೇಕಾಗಿದ್ದಿತು. ಪರೀಕ್ಷಿಸಲಾಗಿ ಸುಮ್ಮನಿದ್ದಾಗ ಬ್ಯಾಟರಿಯು ೧೨.೬ ವೋಲ್ಟನ್ನು ತೋರಿಸಿತು. ಸೆಲ್ಫ್ ತಿರುಗಿಸುವಾಗ ಬ್ಯಾಟರಿಯ ಬಳಿ ೧೧ ವೋಲ್ಟ್ ಇದ್ದರೂ ಸೆಲ್ಫಿನ ಬಳಿ ೮.೯ ವೋಲ್ಟ್ ಮಾತ್ರ ಇದ್ದಿತು. ನಡುವೆ ಕಳೆದ ೨.೧ ವೋಲ್ಟಿನಲ್ಲಿ ೧.೭ ವೋಲ್ಟು ಅರ್ಥ್ ಪಟ್ಟಿಯ ಕಡೆಯಲ್ಲಿಯೇ ಹೋಗುತ್ತಿದ್ದಿತು. ಆ ಪಟ್ಟಿಯನ್ನು ಬಿಗಿದ ಜಾಗದಲ್ಲಿ ಹಳೆಯ ಬಣ್ಣವೂ ತುಕ್ಕೂ ಸೇರಿಕೊಂಡಿದ್ದುವು. ಬೋಲ್ಟನ್ನು ಬಿಚ್ಚಿ, ಲೋಹವು ಹೊಳೆಯುವವರೆಗೆ ಉಜ್ಜುಕಾಗದದಿಂದ ತಿಕ್ಕಿ, ಮತ್ತೆ ಬಿಗಿದ ಕೂಡಲೆ ಸೆಲ್ಫ್ ಸರಾಗವಾಗಿ ತಿರುಗಿತು. ಕೆರೆಯಲ್ಲಿ ನೀರಿದ್ದು ಕಾಲುವೆಯಲ್ಲಿ ಹೂಳು ತುಂಬಿದ್ದರೆ ಕೆರೆಯನ್ನು ಎಷ್ಟು ಬಾರಿ ತುಂಬಿಸಿದರೇನು?

೫. ಫ್ಯೂಸು ಮತ್ತು ರಿಲೇ

ಫ್ಯೂಸಿರುವುದು ದೀಪವನ್ನು ಕಾಪಾಡಲಿಕ್ಕೆ ಎಂದು ಬಹಳ ಜನರ ಭಾವನೆ. ಇದು ಸರಿಯಲ್ಲ. ಫ್ಯೂಸು ಕಾಪಾಡುವುದು ತಂತಿಯನ್ನು. ತಂತಿಯ ಹೊದಿಕೆಯು ಸವೆದು ತಾಮ್ರವು ಕಬ್ಬಿಣದ ಮೈಗೆ ತಾಗಿದರೆ, ಬ್ಯಾಟರಿಯು ಕ್ಷಣಮಾತ್ರದಲ್ಲಿ ನೂರಾರು ಆಂಪಿಯರನ್ನು ಅದರಲ್ಲಿ ಹರಿಯಿಸಬಲ್ಲದು. ಆಗ ಎಲ್ಲಕ್ಕಿಂತ ಮೊದಲು ಕರಗಿ ದಾರಿಯನ್ನು ಕಡಿಯುವುದೇ ಫ್ಯೂಸಿನ ಧರ್ಮ. ಅದರ ಜಾಗದಲ್ಲಿ ತಂತಿಯ ತುಂಡನ್ನೋ ಸಿಗರೇಟಿನ ತಗಡು ಕಾಗದವನ್ನೋ ಹಾಕಿದರೆ ಕರಗುವುದು ಫ್ಯೂಸಲ್ಲ, ತಂತಿಯ ಹೊದಿಕೆ. ಅದರ ಹಿಂದೆಯೇ ಬೆಂಕಿ. ಹುಲ್ಲು ಹೇರಿದ ಟ್ರೈಲರಿನ ಬಳಿ ಇದರ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಆದಕಾರಣ ತಂತಿಯು ಹೊರಬಲ್ಲ ಪ್ರವಾಹಕ್ಕಿಂತ ಕಡಿಮೆಯದೂ, ದೀಪಗಳು ಎಳೆಯುವುದಕ್ಕಿಂತ ಸ್ವಲ್ಪ ಹೆಚ್ಚಿನದೂ ಆದ ಫ್ಯೂಸನ್ನು ಹಾಕತಕ್ಕದ್ದು. ಮೇಲೆ ಹೇಳಿದ ೯ ಆಂಪಿಯರಿನ ದೀಪಗಳಿಗೆ ೨.೫ ಚದರ ಮಿಲಿಮೀಟರ್ ತಂತಿಯೂ ೧೫ ಆಂಪಿಯರ್ ಫ್ಯೂಸೂ ಸರಿಯಾಗಿರುತ್ತವೆ. ಈಗ ಬಳಕೆಯಲ್ಲಿರುವ ಅಲಗಿನಾಕಾರದ ಫ್ಯೂಸುಗಳಲ್ಲಿ ಕೆಂಪು ಬಣ್ಣದ್ದು ೧೦ ಆಂಪಿಯರ್, ನೀಲಿಯದು ೧೫, ಹಳದಿಯದು ೨೦, ಹಸಿರಿನದು ೩೦. ಹೊಸದಾಗಿ ಎಳೆಯುವ ತಂತಿಗೆ ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಸಮೀಪದಲ್ಲಿಡಬೇಕು. ಫ್ಯೂಸಿಗಿಂತ ಹಿಂದೆ ಇರುವ ತಂತಿಗೆ ರಕ್ಷಣೆಯಿರುವುದಿಲ್ಲ.

ರಿಲೇಯನ್ನು ಅಚ್ಚುಕಟ್ಟಿನ ನೀರುಗಂಟಿಗೆ ಹೋಲಿಸಬಹುದು. ಊರ ಯಜಮಾನನು ತಾನೇ ಹೋಗಿ ತೂಬನ್ನು ಎತ್ತಬೇಕಾಗಿಲ್ಲ. ನೀರುಗಂಟಿಗೆ ಒಂದು ಮಾತು ಹೇಳಿದರೆ ಸಾಕು. ಹಾಗೆಯೇ ಚಾಲಕನ ಮುಂದಿರುವ ಸಣ್ಣ ಸ್ವಿಚ್ಚಿನಿಂದ ಒಂದು ಆಂಪಿಯರಿನ ಐದರಲ್ಲೊಂದು ಪಾಲು ಪ್ರವಾಹವು ರಿಲೇಗೆ ಹೋದರೆ, ರಿಲೇಯು ೩೦ ಆಂಪಿಯರಿನವರೆಗಿನ ದೊಡ್ಡ ದಾರಿಯನ್ನು ತೆರೆಯುವುದು. ಇದರಿಂದ ದಪ್ಪನೆಯ ತಂತಿಯು ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ಹೋಗುತ್ತದೆ, ಸ್ವಿಚ್ಚು ಸುಡುವುದಿಲ್ಲ, ದೀಪದ ಬೆಳಕೂ ಹೆಚ್ಚುತ್ತದೆ.

೬. ಟ್ರೈಲರಿನ ಹಿಂದೀಪ

ಅಚ್ಚುಕಟ್ಟಿನ ಕೊನೆಯ ಗದ್ದೆಯೇ ಮೊದಲು ಒಣಗುವಂತೆ, ಈ ಏರ್ಪಾಡಿನಲ್ಲಿ ಮೊದಲು ಕೆಡುವುದು ಟ್ರೈಲರಿನ ಹಿಂದೀಪ. ಅದರ ದಾರಿಯು ಬಹು ದೂರದ್ದು. ನಡುವೆ ಧೂಳು ಕೆಸರುಗಳಲ್ಲಿ ಆಡುವ ಪ್ಲಗ್ಗು ಉಂಟು. ಇದಕ್ಕಿಂತ ಮುಖ್ಯವಾಗಿ, ಅನೇಕ ಟ್ರೈಲರುಗಳಲ್ಲಿ ಅರ್ಥ್ ತಂತಿಯೇ ಇರುವುದಿಲ್ಲ. ಹಿಂದಿರುಗುವ ವಿದ್ಯುತ್ತು ಕೊಂಡಿಯ ಪಿನ್ನಿನ ಮೂಲಕವೇ ಬರಬೇಕಾಗಿದೆ. ಗ್ರೀಸು, ತುಕ್ಕು, ಮಣ್ಣು ಮೂರೂ ಸೇರಿರುವ ಆ ಜಾಗದಲ್ಲಿ ಅರ್ಧ ಓಮಿನ ತಡೆಯಿದೆಯೆಂದು ಇಟ್ಟುಕೊಂಡರೆ, ಹಿಂದೀಪ, ಬ್ರೇಕ್ ದೀಪ, ತಿರುವಿನ ದೀಪಗಳು ಒಟ್ಟಿಗೆ ಉರಿಯುವಾಗ ಹರಿಯುವ ಸುಮಾರು ೬ ಆಂಪಿಯರಿಗೆ ೩ ವೋಲ್ಟು ಅಲ್ಲಿಯೇ ನಷ್ಟವಾಗುವುದು. ಉಳಿಯುವ ಬೆಳಕು ಅರ್ಧಕ್ಕಿಂತಲೂ ಕಡಿಮೆ. ಗಾಡಿಯು ಕುಲುಕಿದಾಗ ಅದೂ ಇಲ್ಲ. ತಿರುವಿನ ದೀಪವನ್ನು ಹಾಕಿದಾಗ ಹಿಂದೀಪವೂ ಅದರೊಡನೆ ಮಿಣುಕುತ್ತಿದ್ದರೆ ಅರ್ಥ್ ಸರಿಯಿಲ್ಲವೆಂದೇ ತಿಳಿಯಬೇಕು.

ಇದಕ್ಕೆ ಪರಿಹಾರವು ಸುಲಭ. ಏಳು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಗೆಂದೇ ಒಂದು ಪಿನ್ನು ಮೀಸಲಾಗಿರುತ್ತದೆ. ಅದರಿಂದ ೨.೫ ಚದರ ಮಿಲಿಮೀಟರಿನ ಪ್ರತ್ಯೇಕ ತಂತಿಯನ್ನು ಪ್ರತಿಯೊಂದು ದೀಪದವರೆಗೂ ಎಳೆಯಿಸಬೇಕು. ಎರಡು ಟ್ರೈಲರುಗಳನ್ನು ಒಂದರ ಹಿಂದೊಂದು ಕಟ್ಟುವ ಕಡೆಗಳಲ್ಲಿ ಎರಡನೆಯದರ ಹಿಂದೀಪಕ್ಕೂ ಇದೇ ಏರ್ಪಾಡು ಬೇಕು. ಏತಕ್ಕೆಂದರೆ ಹಿಂದಿನಿಂದ ಬರುವವನಿಗೆ ಕಾಣುವುದು ಅದೊಂದೇ. ಪ್ರತಿಫಲನ ಪಟ್ಟಿಯನ್ನೂ ಅಂಟಿಸತಕ್ಕದ್ದು. ಆದರೆ ಪಟ್ಟಿಯಿದೆಯೆಂದು ದೀಪವನ್ನು ಬಿಡಬಾರದು. ಅದು ಹಿಂದಿನವನ ದೀಪ ತನ್ನ ಮೇಲೆ ಬಿದ್ದಾಗ ಮಾತ್ರ ಹೊಳೆಯತಕ್ಕದ್ದು.

೭. ಹೊಸ ವಾಹನಗಳಲ್ಲಿ ಆಗಿರುವ ಬದಲಾವಣೆ

ಇದೇ ಸೋರಿಕೆಯ ಪ್ರಶ್ನೆಯು ಮೋಟಾರು ವಾಹನಗಳನ್ನು ನಿರ್ಮಿಸುವವರನ್ನೂ ಮೊದಲಿನಿಂದ ಕಾಡುತ್ತ ಬಂದಿದೆ. ಅವರು ಕಂಡುಕೊಂಡ ಮುಖ್ಯ ಉಪಾಯವೆಂದರೆ ವೋಲ್ಟನ್ನು ಏರಿಸುವುದು. ವೋಲ್ಟು ಏರಿದರೆ ಅದೇ ಶಕ್ತಿಯನ್ನು ಕಡಿಮೆ ಆಂಪಿಯರಿನಲ್ಲಿ ಸಾಗಿಸಬಹುದು. ತಂತಿಯಲ್ಲಿ ಆಗುವ ಶಕ್ತಿನಷ್ಟವು ಆಂಪಿಯರಿನ ವರ್ಗಕ್ಕೆ ಸರಿಯಾಗಿ ಇಳಿಯುವುದರಿಂದ ಲಾಭವು ಬಹಳ ದೊಡ್ಡದು. ೪೮೦ ವಾಟ್ ಸಾಗಿಸಲು ೧೨ ವೋಲ್ಟಿನಲ್ಲಿ ೪೦ ಆಂಪಿಯರ್ ಬೇಕು. ೪೮ ವೋಲ್ಟಿನಲ್ಲಿ ೧೦ ಆಂಪಿಯರ್ ಸಾಕು. ಒಂದೇ ತಂತಿಯಲ್ಲಿ ನಷ್ಟವು ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ನಮ್ಮ ನಾಡಿನಲ್ಲಿ ಈ ತತ್ತ್ವದ ಪ್ರಸಿದ್ಧವಾದ ಉದಾಹರಣೆಯು ಶಿವನಸಮುದ್ರದ್ದು. ೧೯೦೨ರಲ್ಲಿ ಅಲ್ಲಿನ ಶಕ್ತಿಯನ್ನು ಸುಮಾರು ೯೦ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲು ಸಾಧ್ಯವಾದದ್ದು, ಅದನ್ನು ಅನೇಕ ಸಾವಿರ ವೋಲ್ಟಿಗೆ ಏರಿಸಿದ್ದರಿಂದಲೇ.

ಮೋಟಾರುಗಳಲ್ಲಿ ಮೊದಲು ಬಹಳ ಕಾಲ ೬ ವೋಲ್ಟ್ ಬಳಕೆಯಲ್ಲಿದ್ದು, ೧೯೫೦ರ ದಶಕದಲ್ಲಿ ೧೨ ವೋಲ್ಟ್ ಸಾಮಾನ್ಯವಾಯಿತು. ದೊಡ್ಡ ಲಾರಿಗಳಲ್ಲಿ ೨೪ ವೋಲ್ಟ್ ಉಂಟು. ೨೦೨೩ರಲ್ಲಿ ಟೆಸ್ಲಾ ಕಂಪೆನಿಯವರು ಸೈಬರ್‌ಟ್ರಕ್ ಎಂಬ ವಾಹನದ ಸಣ್ಣಪುಟ್ಟ ಸಲಕರಣೆಗಳ ಜಾಲಕ್ಕೆ ೪೮ ವೋಲ್ಟನ್ನು ಉಪಯೋಗಿಸಿದರು. ೬೦ ವೋಲ್ಟಿಗಿಂತ ಕೆಳಗಿರುವ ನೇರ ಪ್ರವಾಹವು ಸಾಮಾನ್ಯ ಸ್ಥಿತಿಯಲ್ಲಿ ಮೈಗೆ ಅಪಾಯಕರವಲ್ಲವೆಂದು ಎಣಿಸಲ್ಪಟ್ಟಿರುವುದರಿಂದ ೪೮ ಎಂಬ ಸಂಖ್ಯೆಯು ಅನುಕೂಲವಾಗಿ ತೋರಿತು. ವಿದ್ಯುತ್ತಿನಿಂದಲೇ ಓಡುವ ಕಾರುಗಳ ಮುಖ್ಯ ಬ್ಯಾಟರಿಯಾದರೋ ಸುಮಾರು ೪೦೦ ವೋಲ್ಟಿನದು. ೨೦೧೯ರಲ್ಲಿ ಬಂದ ಪೋರ್ಷೆ ಟೈಕಾನ್ ಕಾರಿನಲ್ಲಿ ಅದು ೮೦೦ ವೋಲ್ಟಿಗೆ ಏರಿತು. ಇಂತಹ ವಾಹನಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳನ್ನು ಕಂಡರೆ ಶಿಕ್ಷಣ ಪಡೆಯದವರು ಮುಟ್ಟಲೇಬಾರದು. ಅದು ಪ್ರಾಣಾಪಾಯಕರವಾದ ವೋಲ್ಟಿನ ಗುರುತು.

ಎರಡನೆಯ ಉಪಾಯವು ಹಂಚುವ ಕ್ರಮದಲ್ಲಿಯೇ ಆದ ಸುಧಾರಣೆ. ಹಿಂದೆ ಪ್ರತಿಯೊಂದು ದೀಪಕ್ಕೂ ಸ್ವಿಚ್ಚಿನಿಂದ ಬೇರೆ ಬೇರೆ ತಂತಿ ಹೋಗುತ್ತಿದ್ದಿತು. ಜರ್ಮನಿಯ ಬಾಷ್ ಕಂಪೆನಿಯವರು ೧೯೮೬ರಲ್ಲಿ ಕ್ಯಾನ್ ಎಂಬ ಏರ್ಪಾಡನ್ನು ಪ್ರಕಟಪಡಿಸಿದರು. ಇದರಲ್ಲಿ ಅಪ್ಪಣೆಗಳೆಲ್ಲ ಹೊಸೆದ ಒಂದು ಜೊತೆ ತಂತಿಯಲ್ಲಿ ಸಂದೇಶಗಳಾಗಿ ಹೋಗುತ್ತವೆ. ಇದರ ನೆರವಿನಿಂದ ವಾಹನದ ಆಯಾ ಭಾಗದಲ್ಲಿರುವ ಪೆಟ್ಟಿಗೆಗೆ ಒಂದೇ ದಪ್ಪ ತಂತಿಯಿಂದ ಶಕ್ತಿಯನ್ನು ಒಯ್ದು, ಅಲ್ಲಿಂದ ಹತ್ತಿರದ ದೀಪಗಳಿಗೆ ಹಂಚಬಹುದು. ಹೆಗ್ಗಾಲುವೆಯೊಂದು, ಊರೂರಿಗೆ ಒಬ್ಬೊಬ್ಬ ನೀರುಗಂಟಿ ಎಂದಂತಾಯಿತು. ಈಚಿನ ಕೆಲವು ವಾಹನಗಳಲ್ಲಿ ಕರಗುವ ಫ್ಯೂಸಿಗೆ ಬದಲು, ಪ್ರವಾಹವನ್ನು ತಾನೇ ಅಳೆದು ಮಿತಿ ಮೀರಿದಾಗ ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳೂ ಬಂದಿವೆ. ಆದರೆ ಇವೆಲ್ಲವೂ ಬಂದರೂ ಸಡಿಲವಾದ ಬೋಲ್ಟು ಸಡಿಲವಾದ ಬೋಲ್ಟೇ, ತುಕ್ಕು ತುಕ್ಕೇ.

೮. ರೈತರು ತಾವೇ ಮಾಡಬಹುದಾದ ಪರೀಕ್ಷೆ ಮತ್ತು ರಕ್ಷಣೆ

(೧) ಒಂದು ಸಾಧಾರಣ ಮಲ್ಟಿಮೀಟರನ್ನು ಕೊಂಡಿಡುವುದು ಒಳ್ಳೆಯದು. ಅದನ್ನು ನೇರ ಪ್ರವಾಹದ ೨೦ ವೋಲ್ಟಿನ ಗುರುತಿಗೆ ತಿರುಗಿಸಿ, ದೀಪವನ್ನು ಉರಿಸಿ, ಒಂದು ಮುಳ್ಳನ್ನು ಬ್ಯಾಟರಿಯ ಧನ ಟರ್ಮಿನಲ್ಲಿಗೂ ಇನ್ನೊಂದನ್ನು ದೀಪದ ಧನ ಕೊನೆಗೂ ಮುಟ್ಟಿಸಬೇಕು. ಬಂದ ಅಂಕಿಯೇ ಹೋಗುವ ದಾರಿಯಲ್ಲಿ ಕಳೆದ ವೋಲ್ಟು. ಋಣದ ಕಡೆಯಲ್ಲಿಯೂ ಹೀಗೆಯೇ ನೋಡತಕ್ಕದ್ದು. ಯಾವ ಕಡೆಯಲ್ಲಿಯೇ ಆಗಲಿ ಅರ್ಧ ವೋಲ್ಟಿಗಿಂತ ಹೆಚ್ಚಾಗಿ ಕಳೆಯುತ್ತಿದ್ದರೆ ದೋಷವನ್ನು ಹುಡುಕಬೇಕು. ದೀಪ ಆರಿರುವಾಗ ಮಾಡಿದ ಪರೀಕ್ಷೆಯು ನಿಷ್ಪ್ರಯೋಜಕ. ನೀರು ಹರಿಯದ ಕಾಲುವೆಯಲ್ಲಿ ಸೋರಿಕೆಯು ಕಾಣುವುದಿಲ್ಲ.

(೨) ಸೆಲ್ಫನ್ನು ಪರೀಕ್ಷಿಸುವಾಗ ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಟ್ರಾಕ್ಟರಿನ ಹಿಂದೆ ಮುಂದೆ ಯಾರೂ ಇಲ್ಲದಂತೆ ನೋಡಿಕೊಳ್ಳತಕ್ಕದ್ದು.

(೩) ಟರ್ಮಿನಲ್ಲುಗಳ ಮೇಲಿನ ಪುಡಿಯನ್ನು ಅಡಿಗೆ ಸೋಡವನ್ನು ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನನ್ನು ಸವರಬೇಕು. ಸೋಡದ ನೀರು ಸೆಲ್ಲಿನ ಒಳಕ್ಕೆ ಹೋಗಕೂಡದು.

(೪) ಬ್ಯಾಟರಿಯನ್ನು ಬಿಚ್ಚುವಾಗ ಅರ್ಥ್ ಕಡೆಯನ್ನು ಮೊದಲು ಬಿಚ್ಚತಕ್ಕದ್ದು. ಜೋಡಿಸುವಾಗ ಅದನ್ನೇ ಕಡೆಯಲ್ಲಿ ಜೋಡಿಸತಕ್ಕದ್ದು. ಬ್ಯಾಟರಿಯಿಂದ ಹೊರಡುವ ಅನಿಲವು ಕಿಡಿ ತಗುಲಿದರೆ ಸಿಡಿಯುವುದರಿಂದ ಬೀಡಿ, ಬೆಂಕಿಕಡ್ಡಿಗಳನ್ನು ಹತ್ತಿರ ತರಬಾರದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಬಿಚ್ಚಿದರೆ ಆಲ್ಟರ್ನೇಟರ್ ಕೆಡುವುದು.

(೫) ತಂತಿಗಳನ್ನು ತಿರುಚಿ ಟೇಪು ಸುತ್ತುವುದಕ್ಕೆ ಬದಲಾಗಿ ತಕ್ಕ ಲಗ್ಗನ್ನು ಒತ್ತಿಸಿ ಜೋಡಿಸಬೇಕು. ಸೈಲೆನ್ಸರಿನ ಬಳಿಯಲ್ಲಾಗಲಿ ಚೂಪಾದ ಅಂಚುಗಳ ಮೇಲಾಗಲಿ ತಂತಿಯನ್ನು ಹಾಯಿಸಬಾರದು. ಇಲಿಗಳು ತಂತಿಯ ಹೊದಿಕೆಯನ್ನು ಕಡಿಯುವುದುಂಟಾದ್ದರಿಂದ, ಬಹಳ ದಿನ ನಿಲ್ಲಿಸಿದ ಟ್ರಾಕ್ಟರನ್ನು ಚಾಲೂ ಮಾಡುವ ಮೊದಲು ವೈರಿಂಗನ್ನು ಕಣ್ಣಿಟ್ಟು ನೋಡಬೇಕು.

ಮೇಲ್ಕಂಡ ಕೆಲಸಗಳಲ್ಲಿ ಬಹುಪಾಲಿಗೆ ಬೇಕಾಗುವುದು ಒಂದು ಸ್ಪ್ಯಾನರ್, ಒಂದು ಚೂರು ಉಜ್ಜುಕಾಗದ ಮತ್ತು ಅರ್ಧ ದಿನದ ಬಿಡುವು. ಮುಂಗಾರಿಗೆ ಮೊದಲು ಒಂದು ಸಲ, ಕಬ್ಬಿನ ಸಾಗಾಣಿಕೆಗೆ ಮೊದಲು ಇನ್ನೊಂದು ಸಲ ಹೀಗೆ ವರ್ಷಕ್ಕೆ ಎರಡಾವರ್ತಿ ಈ ಪರೀಕ್ಷೆಯನ್ನು ನಡೆಯಿಸುವುದು ಮೇಲು. ಪರೀಕ್ಷೆಯನ್ನು ಬ್ಯಾಟರಿಯಿಂದ ಪ್ರಾರಂಭಿಸದೆ ಟ್ರೈಲರಿನ ಕಟ್ಟಕಡೆಯ ಹಿಂದೀಪದಿಂದ ಪ್ರಾರಂಭಿಸಬೇಕು. ಬ್ರೇಕನ್ನೂ ತಿರುವಿನ ದೀಪವನ್ನೂ ಒಟ್ಟಿಗೆ ಹಾಕಿದಾಗಲೂ ಅದು ಕುಗ್ಗದೆ ಉರಿಯುತ್ತಿದ್ದರೆ ಅದರ ದಾರಿಯೆಲ್ಲವೂ ನೆಟ್ಟಗಿದೆಯೆಂದು ತಿಳಿಯಬಹುದು. ಅದು ಮಂಕಾಗಿದ್ದರೆ, ಅದನ್ನು ಸರಿಪಡಿಸುವವರೆಗೆ ಆ ರಾತ್ರಿ ಟ್ರೈಲರನ್ನು ರಸ್ತೆಗೆ ಇಳಿಸತಕ್ಕದ್ದಲ್ಲ.